ಐವತ್ತಕ್ಕೆ ಎಷ್ಟು, ಮೇಷ್ಟ್ರೇ?

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಮಂಗಳವಾರ, ಬೆಳಗಿನ ಜಾವ ನಾಲ್ಕೂವರೆ. ಅಂತಿಗುವಾದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಸ್ಸುಗಳು ಇನ್ನೂ ಕೆಮ್ಮಲು ಶುರುಮಾಡಿಲ್ಲ. ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ದೊನ್ ಒಬ್ದುಲಿಯೊ ಶಿಕಾಯ್ ಕೂತು ಒಂದು ತಲೆಯನ್ನು ತೂಗುತ್ತಿದ್ದಾರೆ.

ಗಾಬರಿ ಬೇಡ, ತಲೆ ಮರದ್ದು. ಯಾವುದೋ ಭೂಕಂಪದಲ್ಲಿ ಮೈ ಕಳೆದುಕೊಂಡ ಸಂತನದು. ಯಾವ ಸಂತ ಎಂದು ಹೇಳುವ ಕುರುಹುಗಳೆಲ್ಲ ಮೈಯ ಜೊತೆಗೇ ಹೋಗಿವೆ. ಹಾಗಾಗಿ ಓಣಿಯವರು ಅವನಿಗೆ ‘ಯಾರೂ ಅಲ್ಲದ ಸಂತ’ ಎಂದು ನಾಮಕರಣ ಮಾಡಿದ್ದಾರೆ. ಉಳಿದಿರುವುದು ಒಂದೇ ಗಾಜಿನ ಕಣ್ಣು. ತೊಲೆಯಿಂದ ಇಳಿಬಿಟ್ಟ ಹಗ್ಗದಲ್ಲಿ ತಲೆ ನೇತಾಡುತ್ತದೆ. ಅದಕ್ಕೆ ಬಿಗಿದ ಇನ್ನೊಂದು ಹಗ್ಗ ಹಳೆಯ ಹೊಲಿಗೆ ಯಂತ್ರವೊಂದರ ಕಾಲ್ಮಣೆಗೆ ಹೋಗಿದೆ. ಒತ್ತಿದರೆ ತಲೆ ಎಡಕ್ಕೆ, ಬಿಟ್ಟರೆ ಬಲಕ್ಕೆ. ಹಿಂದೆ ಕಬ್ಬಿಣದ ಚೌಕಟ್ಟಿನ ಒಂದು ಲಾಂದ್ರ, ಮುಂದೆ ಮಣ್ಣಿನ ಧೂಪದ ಬಟ್ಟಲು, ಎರಡು ಮೀಟರ್ ಈಚೆಗೆ ಮೂರು ಕಾಲಿನ ಮೇಲೆ ಕ್ಯಾಮೆರಾ.

“ಝುಯ್... ಝುಯ್ಯ್... ಝು, ಝು, ಝುಯ್...” ಎಂದು ಲೆನ್ಸು ಹೊಗೆಯೊಳಗೆ ತಡಕಾಡುತ್ತದೆ. “ಟಿಕ್” ಎಂದು ನಿಲ್ಲುತ್ತದೆ. ದೊನ್ ಒಬ್ದುಲಿಯೊ ಬಟನ್ ಒತ್ತುತ್ತಾರೆ. ಅಕ್ಕಸಾಲಿಗರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಾಗುತ್ತಾರೆ. ಸಂತನ ಕಣ್ಣು ಸ್ಪಷ್ಟವಾಗಿದ್ದರೆ ಸ್ಲೇಟಿನ ಮೇಲೆ ಒಂದು ಗೆರೆ, ಮಸುಕಾಗಿದ್ದರೆ ಒಂದು ಸೊನ್ನೆ. ಹೀಗೆ ಐವತ್ತು ಸಲ. ಕೊನೆಗೆ ಬಿಳಿ ಅಂಟುಪಟ್ಟಿಯ ಚೂರಿನ ಮೇಲೆ ಪೆನ್ಸಿಲಿನಲ್ಲಿ ‘50ಕ್ಕೆ 33’ ಎಂದು ಬರೆದು ಲೆನ್ಸಿನ ಹೊಟ್ಟೆಗೆ ಅಂಟಿಸುತ್ತಾರೆ.

“ಪಾಪ, ಮುದುಕಿ,” ಎನ್ನುತ್ತಾರೆ ಲೆನ್ಸನ್ನು ಬಟ್ಟೆಯಲ್ಲಿ ಸುತ್ತುತ್ತ. “ಬಿಸಿಲಲ್ಲಿ ಎಲ್ಲಾರೂ ಜಾಣ್ರೇ. ಕತ್ಲಾದ್ಮೇಲೆ ಗೊತ್ತಾಗೋದು ಯಾರಿಗೆ ಎಷ್ಟು ಕಾಣುತ್ತೆ ಅಂತ.”

ಎಲೆಮರೆಯ ಕಾಯಿ ಎಂದು ಪತ್ರಿಕೆಯವರಾದ ನಾವು ಯಾರನ್ನು ಬೇಕಾದರೂ ಕರೆದುಬಿಡುತ್ತೇವೆ. ಕಕ್ಚಿಕೆಲ್ ಬುಡಕಟ್ಟಿನ ಈ ಮನುಷ್ಯನ ಮನೆತನದ ಹೆಸರಿನಲ್ಲೇ ಒಂದು ಕಾಯಿ ಇದೆ, ಅದೂ ಸೀಗೆಕಾಯಿಗೆ ತೀರಾ ಹತ್ತಿರದ್ದು. ಅವರು ಹೇಳುವ ಸಂಖ್ಯೆಯೂ ಸೀಗೆಯಂತೆಯೇ ಕಣ್ಣುರಿಸುತ್ತದೆ. ಮರೆಗಂತೂ ಇಲ್ಲಿ ಎಲೆ ಬೇಕಾಗಿಲ್ಲ, ಹೊಗೆಯೇ ಸಾಕು. ಊರಿನ ಪ್ರತಿ ಮನೆಯ ಗೋಡೆಯ ಮೇಲೂ ಪವಿತ್ರ ವಾರದ ಮೆರವಣಿಗೆಯ ಒಂದು ಪಟವಿರುತ್ತದೆ. ಅದರ ಮೂಲೆಯಲ್ಲಿ ಪಟ ತೆಗೆದವರ ಹೆಸರಿರುತ್ತದೆ. ಆ ಪಟ ಬರುತ್ತದೋ ಇಲ್ಲವೋ ಎಂದು ಮೊದಲೇ ಹೇಳಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಮೆರವಣಿಗೆಯಲ್ಲಿ ದೇವರ ಮೂರ್ತಿಯ ಪಲ್ಲಕ್ಕಿ ಹೊರುವವರಿಗೆ ಸಿಗುವುದು ಒಂದು ಸರದಿ, ಒಂದು ಬೀದಿಯ ಉದ್ದ. ಏಳೆಂಟು ನಿಮಿಷದ ಮಾತು. ವರ್ಷಪೂರ್ತಿ ಕಾದು, ಚೀಟಿ ಕೊಂಡು, ತನ್ನ ಅಂಕಿಯ ‘ತೋಳಿ’ಗೆ, ಎಂದರೆ ಪಲ್ಲಕ್ಕಿಯ ಅಂಚಿನಲ್ಲಿ ತನಗೆಂದು ಗುರುತು ಮಾಡಿದ ಜಾಗಕ್ಕೆ, ಭುಜ ಕೊಟ್ಟವನಿಗೆ ಆ ಹೊತ್ತಿನ ಮುಖ ಬೇಕು. ಸಂಜೆಗತ್ತಲು, ಧೂಪ, ಮೇಣದ ಬೆಳಕು, ಮೇಲಾಗಿ ಫ್ಲಾಶ್ ನಿಷಿದ್ಧ. ಅದಕ್ಕೇ ಛಾಯಾಗ್ರಾಹಕರೆಲ್ಲ ದೊಡ್ಡ ಬಾಯಿಯ, ಜೂಮ್ ಇಲ್ಲದ ಲೆನ್ಸುಗಳನ್ನು ನೆಚ್ಚಿಕೊಂಡಿದ್ದಾರೆ. ಇವಕ್ಕೆ ವೇಗದ ಲೆನ್ಸು ಎಂಬ ಬಿರುದಿದೆ. ಓಡುವ ವೇಗವಲ್ಲ, ಬೆಳಕು ಕುಡಿಯುವ ವೇಗ. ಎಲ್ಲ ಕುಡುಕರ ಹಾಗೆ ಇವುಗಳಿಗೂ ಒಂದು ಕಷ್ಟವಿದೆ: ದೃಷ್ಟಿ ನಿಲ್ಲುವ ಜಾಗ ನಾಲ್ಕು ಬೆರಳಿನಗಲ. ಕಣ್ಣು ಅದರೊಳಗೆ ಬಿದ್ದರೆ ಕಣ್ಣು, ತಪ್ಪಿದರೆ ಕಿವಿ, ಇನ್ನೂ ತಪ್ಪಿದರೆ ಹಿಂದಿನವನ ಟೊಪ್ಪಿ. ಆಟೋಫೋಕಸ್ ಎಂಬುದು ಎಲ್ಲಿ ನಿಲ್ಲುತ್ತದೆಂದು ಹೊಗೆಯಲ್ಲಿ ಯಾರೂ ಆಣೆ ಮಾಡಿ ಹೇಳಲಾರರು.

ದೊನ್ ಒಬ್ದುಲಿಯೊ ಆಣೆ ಮಾಡುವುದಿಲ್ಲ, ಎಣಿಸುತ್ತಾರೆ. ಈ ವಾರ ಛಾಯಾಗ್ರಾಹಕರು ಪರೀಕ್ಷೆಗೆಂದು ಅವರ ಕೈಗೆ ಕೊಟ್ಟ ಲೆನ್ಸು ಅರವತ್ತಮೂರು. ಎಂದರೆ ಮೂರು ಸಾವಿರದ ನೂರೈವತ್ತು ಸಲ ಸಂತ ತೂಗಿದ್ದಾನೆ, ಅಷ್ಟೇ ಸಲ ಅರವತ್ತೆರಡು ವರ್ಷದ ಒಂದು ಬೆನ್ನು ಬಾಗಿದೆ. ಉಳಿದ ವರ್ಷವೆಲ್ಲ ಇಸ್ತ್ರಿಪೆಟ್ಟಿಗೆ, ಮಿಕ್ಸರು, ಗೋಡೆ ಗಡಿಯಾರಗಳ ರಿಪೇರಿ. ಐವತ್ತಕ್ಕೆ ಐವತ್ತು ಪಡೆದ ಲೆನ್ಸು ಈವರೆಗೆ ಈ ಕೋಣೆಯಿಂದ ಹೊರಗೆ ಹೋಗಿಲ್ಲ. ತೂಗುವ ತಲೆಗೆ ದಾಖಲೆ ನಲವತ್ತಾರು.

ಐದು ಗಂಟೆಗೆ ಬಾಗಿಲು ತಟ್ಟುವವನು ಮಿಂಚೊ. ಇಪ್ಪತ್ತು ವರ್ಷದಿಂದ ಮೆರವಣಿಗೆಯ ಪಟ ತೆಗೆಯುತ್ತಿರುವ, ದಪ್ಪ ಮೀಸೆಯ ಬಾಯಿಬಡುಕ. ಹೆಸರು ಮಿಂಚೊ ಆದರೂ ಮಿಂಚಿಸಲು ಅನುಮತಿ ಇಲ್ಲದ ನತದೃಷ್ಟ. ಒಳಗೆ ಬರುತ್ತಲೇ ಮೂಗು ಹಿಡಿದು, ಹೊಟ್ಟೆ ಮುಂದೆ ಮಾಡಿ, ಮೆರವಣಿಗೆ ನಡೆಸುವ ಭಕ್ತಸಂಘದ ಅಧ್ಯಕ್ಷರ ದನಿ ತೆಗೆಯುತ್ತಾನೆ: “ಸಹೋದರರೇ! ಯಾವ ಪಾಪಿಯಾದರೂ ಫ್ಲಾಶ್ ಹಾಕಿದಲ್ಲಿ... ಹ್ಞೂಂ... ಅವನ ಕ್ಯಾಮೆರಾವನ್ನು... ಹ್ಞೂಂ... ನಾನೇ ಹೊತ್ತು ಹಾಕುವೆನು!”

“ಬಾಗ್ಲು ಮುಚ್ಚೋ, ಹೊಗೆ ಹೋಗುತ್ತೆ,” ಎನ್ನುತ್ತಾರೆ ದೊನ್ ಒಬ್ದುಲಿಯೊ, ತಲೆ ಎತ್ತದೆ.

“ಮೇಷ್ಟ್ರೇ, ಈ ವರ್ಷ ನಿಮ್ಮ ಕೆಲ್ಸ ಹೋಯ್ತು. ನೋಡಿ, ಹೊಸ ಕ್ಯಾಮೆರಾ. ತಾನೇ ಕಣ್ಣು ಹುಡುಕ್ಕೊಂಡು ಹಿಡ್ಕೊಳ್ಳುತ್ತೆ.”

“ಯಾರ ಕಣ್ಣು?”

ಮಿಂಚೊನ ಮೀಸೆ ಒಂದು ಕ್ಷಣ ಇಳಿಯುತ್ತದೆ. “ಅಲ್ಲೇ ಇರೋದು ತೊಂದ್ರೆ. ಭಾನುವಾರ ಸಂಜೆ ಇನ್ನೂರು ಪಟ ತೆಗ್ದೆ. ಪಲ್ಲಕ್ಕಿ ಮೇಲಿರೋ ದೇವದೂತರೆಲ್ಲ ಒಬ್ರೂ ಬಿಡದಂಗೆ ಸ್ಪಷ್ಟ. ಕೆಳಗೆ ಹೊರ್ತಿದ್ದೋರು ಗಂಜಿ, ಮೇಷ್ಟ್ರೇ. ಬರೀ ಗಂಜಿ. ಮರದ ಕಣ್ಣು ಹಿಡಿಯುತ್ತೆ, ಮನುಷ್ಯರದ್ದು ಬಿಡುತ್ತೆ.”

“ಭಕ್ತಿ ಜಾಸ್ತಿ ಅದಕ್ಕೆ,” ಎನ್ನುತ್ತಾರೆ ಮೇಷ್ಟ್ರು. ನಗುವುದಿಲ್ಲ. ಅವರು ಹನ್ನೊಂದು ವರ್ಷದಿಂದ ಈ ವಾರ ನಕ್ಕಿಲ್ಲ ಎಂದು ಹೆಂಡತಿ ದೊನ್ಯಾ ತೋಮಸಾ ಆಮೇಲೆ ಹೇಳುತ್ತಾರೆ. ಓಣಿಯ ತುದಿಯಲ್ಲಿ ಮುಸುಕಿನಜೋಳದ ಗಂಜಿ, ಅತೋಲ್, ಮಾರುವ ಗಟ್ಟಿ ದನಿಯ ಹೆಂಗಸು. ಕಾಲ್ಮಣೆಯ ಹೊಲಿಗೆ ಯಂತ್ರ ಅವರದೇ.

“ನನ್ನ ತವರಿಂದ ಬಂದ ಮೆಷಿನ್ನು,” ಎನ್ನುತ್ತಾರೆ, ಬಿಸಿ ಅತೋಲಿನ ಲೋಟವನ್ನು ಕುಕ್ಕುತ್ತ. “ಹನ್ನೊಂದು ವರ್ಷದಿಂದ ಈ ಪುಣ್ಯಾತ್ಮ ತುಳೀತಾನೇ ಇದಾನೆ. ಒಂದು ಲಂಗನಾದ್ರೂ ಹೊಲ್ದಿದಾನಾ ಕೇಳಿ.”

ಹನ್ನೊಂದು ವರ್ಷದ ಹಿಂದಿನವರೆಗೆ ದೊನ್ ಒಬ್ದುಲಿಯೊ ಕೂಡ ಕ್ಯಾಮೆರಾ ಹಿಡಿದು ಬೀದಿಯಲ್ಲಿದ್ದವರು. ಹದಿನೈದನೇ ವಯಸ್ಸಿಗೆ ಸ್ಟುಡಿಯೋದ ಕಸ ಗುಡಿಸಲು ಸೇರಿ, ಪಟ ತೊಳೆಯುವುದು ಕಲಿತು, ಆಮೇಲೆ ಹತ್ತೊಂಬತ್ತು ವರ್ಷ ಮೆರವಣಿಗೆಯ ಪಕ್ಕದಲ್ಲಿ ನಡೆದವರು. ಲೆನ್ಸುಗಳನ್ನು ಪರೀಕ್ಷಿಸುವ ಅಭ್ಯಾಸ ಆಗಲೂ ಇತ್ತು. ಆದರೆ ಆಗ ಸಂತನ ತಲೆ ಮೇಜಿನ ಮೇಲೆ ಕೂತಿರುತ್ತಿತ್ತು.

ಅವರಿಗೊಬ್ಬ ಅಣ್ಣ, ಬಾರ್ತೊಲೊ. ಕಟ್ಟಿಗೆ ಒಲೆಯ ಬೇಕರಿಯಲ್ಲಿ ರೊಟ್ಟಿ ಸುಡುತ್ತಿದ್ದವರು. ಮೂವತ್ತನಾಲ್ಕು ವರ್ಷ ಅದೇ ಪಲ್ಲಕ್ಕಿಗೆ, ಅದೇ ಮೂವತ್ತೆಂಟನೇ ತೋಳಿಗೆ ಭುಜ ಕೊಟ್ಟವರು. ಶ್ವಾಸಕೋಶ ಕೈಕೊಟ್ಟಾಗ ಇದೇ ಕೊನೆಯ ಸರದಿ ಎಂದು ಅವರಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ತಮ್ಮನನ್ನು ಕರೆದು ಹೇಳಿದ್ದು ಒಂದೇ ಮಾತು: “ಈ ಸಲ ನನ್ನ ಮುಖ ಬರ್ಲಿ ಕಣೋ, ಒಬ್ದು. ಒಂಬತ್ತು ದಿನದ ಪ್ರಾರ್ಥನೆಗೆ ಇಡೋಕೆ ಒಂದು ಪಟ ಬೇಕಲ್ಲ.”

ಇಲ್ಲಿ ಸತ್ತವರಿಗಾಗಿ ಒಂಬತ್ತು ಸಂಜೆ ಜಪ. ಹೂವಿನ ನಡುವೆ ಒಂದು ಪಟ. ಬಂದವರೆಲ್ಲ ಒಂಬತ್ತು ಸಂಜೆಯೂ ಆ ಮುಖ ನೋಡಬೇಕು.

“ಲೆನ್ಸು ಪರೀಕ್ಷೆ ಮಾಡ್ದೆ. ಐವತ್ತಕ್ಕೆ ನಲವತ್ತೆಂಟು ಬಂತು,” ಎನ್ನುತ್ತಾರೆ ದೊನ್ ಒಬ್ದುಲಿಯೊ. ಕಾಲು ಕಾಲ್ಮಣೆಯ ಮೇಲೇ ಇದೆ, ಆದರೆ ನಿಂತಿದೆ. “ಸುಳ್ಳು ಸಂಖ್ಯೆ ಅಲ್ಲ. ನಿಂತ ತಲೆಗೆ ನಲವತ್ತೆಂಟೇ. ಆದ್ರೆ ಹೊರೋರು ನಿಂತಿರ್ತಾರಾ? ಬ್ಯಾಂಡು ಶೋಕದ ಬಾಜಾ ಬಾರ್ಸುತ್ತೆ, ಪಲ್ಲಕ್ಕಿ ತೂಗುತ್ತೆ, ಎಡಕ್ಕೊಂದ್ಸಲ, ಬಲಕ್ಕೊಂದ್ಸಲ. ನಾನೂ ಚಿಕ್ಕೋನಿದ್ದಾಗಿಂದ ನೋಡಿದೀನಿ. ಹೊತ್ತೂ ಇದೀನಿ. ನನ್ನ ಭುಜಕ್ಕೆ ಗೊತ್ತಿತ್ತು, ತಲೆಗೆ ಹೊಳೀಲಿಲ್ಲ.”

ಆ ಸಂಜೆ ನೂರಹನ್ನೆರಡು ಪಟ ತೆಗೆದರು. ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು, ಪುಟ್ಟದಾಗಿದ್ದರೆ ಎಲ್ಲ ತಪ್ಪೂ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಹೊಗೆಯಲ್ಲಿ, ತೂಗುವ ಮುಖವನ್ನು ಹಿಡಿಯಲಾರದೆ, ಲೆನ್ಸು ಹಿಂದಿನವನ ಕೈಯ ಲಾಂದ್ರವನ್ನು ಹಿಡಿದು ಕೂತಿತ್ತು. ಒಂದಲ್ಲ ಎರಡಲ್ಲ, ನೂರಹನ್ನೆರಡರಲ್ಲೂ. ಲಾಂದ್ರದ ಮೊಳೆಗಳನ್ನು ಎಣಿಸಬಹುದಿತ್ತು. ಮುಂದೆ ಇದ್ದ ಬಾರ್ತೊಲೊ ಕರಗಿದ ಮೇಣದ ಹಾಗಿದ್ದರು.

“ಬಂತಾ?” ಎಂದು ಅಣ್ಣ ಕೇಳಿದರು. “ಬಂತು,” ಎಂದರು ತಮ್ಮ.

ಆರು ವಾರದಲ್ಲಿ ಬಾರ್ತೊಲೊ ಹೋದರು. ಪಟ ತೆಗೆಯುವವರ ಮನೆಯಲ್ಲೇ ಅವರದೊಂದು ಬೇರೆ ಪಟವಿರಲಿಲ್ಲ. ಹೂವಿನ ನಡುವೆ ಆ ನೂರಹನ್ನೆರಡರಲ್ಲೇ ಒಂದನ್ನು ಇಟ್ಟರು. ಒಂಬತ್ತನೆಯ ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಅತ್ತಿಗೆ ದೊನ್ಯಾ ಇಲಾರಿಯಾ ಪಟದ ಮುಂದೆ ನಿಂತು ಮೈದುನನಿಗೆ ಹೇಳಿದ್ದು ಇಷ್ಟೇ:

“ದೀಪ ಚೆನ್ನಾಗಿ ಬಂದಿದೆ, ಒಬ್ದು.”

ಬೈಗುಳವಿಲ್ಲ, ಜಗಳವಿಲ್ಲ. ಹಬ್ಬಕ್ಕೆ ಜೇನು ಸವರಿದ ರೊಟ್ಟಿ ಕಳಿಸುವುದೂ ನಿಲ್ಲಲಿಲ್ಲ. ಮರುವಾರವೇ ಸಂತನ ತಲೆ ಮೇಜಿನಿಂದ ಹಗ್ಗಕ್ಕೆ ಏರಿತು. ದೊನ್ ಒಬ್ದುಲಿಯೊ ಮತ್ತೆ ಬೀದಿಗೆ ಕ್ಯಾಮೆರಾ ಒಯ್ಯಲಿಲ್ಲ. ಆ ಲೆನ್ಸನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟರು. ಅಣ್ಣನ ಮಗಳು ಅರಾಸೆಲಿ ದೊಡ್ಡವಳಾಗಿ, ಹುಟ್ಟುಹಬ್ಬ ನಾಮಕರಣಗಳ ಪಟ ತೆಗೆಯಲು ಶುರುಮಾಡಿದಾಗ ಕೊಡಲು ಬೇರೇನೂ ಇಲ್ಲದೆ ಅದನ್ನೇ ಕೊಟ್ಟರು. ಹಗಲಲ್ಲಿ ಮಾತ್ರ ಬಳಸು ಎಂದು ಹೇಳಿ ಕೊಟ್ಟರು. ಹಗ್ಗದ ತಲೆಯ ಮುಂದೆ ಅದನ್ನು ಒಮ್ಮೆಯೂ ಇಟ್ಟಿರಲಿಲ್ಲ. ಯಾಕೆಂದು ಕೇಳಿದರೆ ಲೋಟ ಎತ್ತಿ ಅತೋಲ್ ಕುಡಿಯುತ್ತಾರೆ.

ಬುಧವಾರ ಜಾವ ಅದೇ ಲೆನ್ಸು ಬಾಗಿಲಿಗೆ ಬಂತು.

“ಚಿಕ್ಕಪ್ಪ, ಇದಕ್ಕೊಂದು ನಂಬರ್ ಹಾಕ್ಕೊಡಿ,” ಎನ್ನುತ್ತಾಳೆ ಅರಾಸೆಲಿ, ಚೀಲ ಇಳಿಸದೆ. ಇಪ್ಪತ್ತೇಳು ವರ್ಷ. ಅಪ್ಪನ ಹಾಗೆ ಅಗಲವಾದ ಭುಜ. “ಅಮ್ಮ ಶುಕ್ರವಾರ ಹೊರ್ತಾಳಂತೆ.”

“ಅತ್ತಿಗೇನಾ? ಡಾಕ್ಟ್ರು ಬೇಡ ಅಂದಿದ್ರಲ್ಲ.”

“ಡಾಕ್ಟ್ರು ಎರಡು ಕಿಡ್ನಿನೂ ಕೆಲ್ಸ ಮಾಡ್ತಿಲ್ಲ ಅಂದ್ರು. ಅಮ್ಮ, ನನ್ನ ಭುಜ ಎರಡೂ ಕೆಲ್ಸ ಮಾಡ್ತಾವೆ ಅಂದ್ಳು.” ಭುಜದ ಚೀಲ ಸರಿಮಾಡಿಕೊಳ್ಳುತ್ತಾಳೆ. “ದೇವಮಾತೆಯ ಪಲ್ಲಕ್ಕಿ, ಹದಿನೇಳನೇ ತೋಳು. ಸೂರ್ಯ ಮುಳುಗೋ ಹೊತ್ತಿಗೆ. ಮುಂದಿನ ವರ್ಷ... ಗೊತ್ತಲ್ಲ. ಪಟ ನಾನೇ ತೆಗೀಬೇಕಂತೆ. ಬೇರೆ ಲೆನ್ಸು ಊರಲ್ಲಿ ಬಾಡಿಗೆಗೂ ಇಲ್ಲ.”

ದೊನ್ ಒಬ್ದುಲಿಯೊ ಲೆನ್ಸನ್ನು ಕೈಗೆ ತೆಗೆದುಕೊಂಡು, ಅಂಚಿನಲ್ಲಿ ತಾವೇ ಎಂದೋ ಮಾಡಿದ ಗೀರನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಧೂಪಕ್ಕೆ ಕೆಂಡ ಹಾಕುತ್ತಾರೆ. ಕಾಲ್ಮಣೆ ಒತ್ತುತ್ತಾರೆ. ಝುಯ್. ಝುಯ್ಯ್. ಟಿಕ್. ಗೆರೆ, ಸೊನ್ನೆ, ಸೊನ್ನೆ, ಗೆರೆ. ಐವತ್ತು ಮುಗಿಯುವ ಹೊತ್ತಿಗೆ ಹೊರಗೆ ಬಸ್ಸುಗಳು ಕೂಗಲು ಶುರುಮಾಡಿವೆ.

“ಇಪ್ಪತ್ತೊಂಬತ್ತು,” ಎನ್ನುತ್ತಾರೆ. ದನಿಯಲ್ಲಿ ಏನೂ ಇಲ್ಲ. “ಆವತ್ತೇ ಗೊತ್ತಿದ್ದಿದ್ರೆ ನಿಮ್ಮಪ್ಪಂಗೆ ಬೇರೆಯೋರನ್ನ ಗೊತ್ತು ಮಾಡ್ತಿದ್ದೆ.”

“ಇನ್ನೊಂದ್ಸಲ ನೋಡಿ, ಚಿಕ್ಕಪ್ಪ.”

ಇನ್ನೊಂದು ಸಲ ಇಪ್ಪತ್ತೇಳು.

ಆಗ ಅರಾಸೆಲಿ ಕ್ಯಾಮೆರಾವನ್ನು ಕಸಿದುಕೊಂಡು, ಪಟಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾ ಹೋಗುತ್ತಾಳೆ. ಮುಂದಕ್ಕೆ ಬರುತ್ತಾಳೆ. ಮತ್ತೆ ಹಿಂದಕ್ಕೆ. “ಚಿಕ್ಕಪ್ಪ, ಇದ್ನ ಯಾವತ್ತಾದ್ರೂ ನೋಡಿದೀರಾ? ಚೆನ್ನಾಗಿ ಬಂದಿರೋದ್ರಲ್ಲೆಲ್ಲ ತಲೆ ತುದೀಲೇ ಇದೆ. ಈ ಕಡೆ ತುದಿ, ಇಲ್ಲಾ ಆ ಕಡೆ ತುದಿ. ನಡುವೆ ಇರೋದೆಲ್ಲ ಸೊನ್ನೆ.”

ಮೇಷ್ಟ್ರು ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ತೂಗುವ ತಲೆ ತಿರುಗುವ ಮುಂಚೆ ತುದಿಯಲ್ಲಿ ಅರೆಗಳಿಗೆ ನಿಲ್ಲುತ್ತದೆ. ಆ ಅರೆಗಳಿಗೆಯಲ್ಲಿ ಮಾತ್ರ ಲೆನ್ಸಿಗೆ ಅದು ಸಿಕ್ಕಿದೆ. ಹನ್ನೊಂದು ವರ್ಷ, ಪ್ರತಿ ಲೆನ್ಸಿಗೂ ಐವತ್ತು ಸಲ.

“ಎಷ್ಟು ಅಂತ ಎಣಿಸ್ತಾನೇ ಇದ್ದೆ,” ಎನ್ನುತ್ತಾರೆ ಕೊನೆಗೆ. “ಯಾವ್ದು ಅಂತ ನೋಡ್ಲೇ ಇಲ್ಲ ನೋಡು, ಕತ್ತೆ.” ಕತ್ತೆ ಎಂದದ್ದು ತಮಗೆ.

ಆಮೇಲಿನ ಎರಡು ಜಾವ ಆ ಕೋಣೆಯಲ್ಲಿ ಬೇರೆ ಯಾರ ಲೆನ್ಸಿಗೂ ಪ್ರವೇಶವಿಲ್ಲ. ಮಿಂಚೊ ಬಾಗಿಲಲ್ಲಿ ನಿಂತು ಅಧ್ಯಕ್ಷರ ದನಿಯಲ್ಲಿ ಶಾಪ ಹಾಕಿ, ಆಮೇಲೆ ತನ್ನದೇ ದನಿಯಲ್ಲಿ “ಇಲಾರಿಯಮ್ಮನ ಪಟ ಬರ್ಲಿ, ಮೇಷ್ಟ್ರೇ” ಎಂದು ಹೇಳಿ ಹೋಗುತ್ತಾನೆ. ಒಳಗೆ ದೊನ್ ಒಬ್ದುಲಿಯೊ ಬಾಯಲ್ಲೇ ದೊಡ್ಡ ಡೋಲು ಬಾರಿಸುತ್ತಾರೆ, ಢಂ... ಢಂ... ಕಾಲು ಕಾಲ್ಮಣೆ ಒತ್ತುತ್ತದೆ, ಸಂತ ತೂಗುತ್ತಾನೆ.

“ಡೋಲು ಕೇಳ್ಕೋ. ಢಂ ಅಂದಾಗ ತಲೆ ನಿನ್ನ ಕಡೆ ತುದೀಲಿರುತ್ತೆ. ಅಲ್ಲಿ ಫೋಕಸ್ ಹಿಡ್ಕೋ. ಹಿಡ್ಕೊಂಡ್ಮೇಲೆ ಬೆರಳು ಬಿಡ್ಬೇಡ. ಅದು ಆ ಕಡೆ ಹೋಗ್ಲಿ, ಬಿಡು, ಹಿಂದೆ ಓಡ್ಬೇಡ. ತಿರುಗಿ ಬರುತ್ತೆ. ಬಂದು ಇದೇ ತುದೀಲಿ ನಿಂತಾಗ ಒತ್ತು. ಲೆನ್ಸಿಗೆ ಹುಡುಕೋಕೆ ಬಿಟ್ಯೋ, ಅದು ದೀಪದ ಹಿಂದೆ ಹೋಗುತ್ತೆ.”

“ಅಮ್ಮನ ಜೊತೆಗೇ ನಡೀಬೇಕಲ್ಲ?”

“ಅಮ್ಮ ಹೆಜ್ಜೆ ಇಟ್ಟಾಗ ನೀನೂ ಇಡು. ಅಮ್ಮ ಸುಸ್ತಾಗಿ ನಿಂತ್ರೆ...” ಡೋಲು ಅಲ್ಲಿಗೆ ನಿಲ್ಲುತ್ತದೆ. “ನಿಂತ್ರೆ ಕ್ಯಾಮೆರಾ ಬಿಡು, ಅಮ್ಮನ್ನ ಹಿಡ್ಕೋ.”

ಶುಕ್ರವಾರ ಸಂಜೆ ಊರೆಲ್ಲ ಕಪ್ಪುಡುಗೆಯಲ್ಲಿ ಬೀದಿಯಲ್ಲಿದೆ. ದೊನ್ ಒಬ್ದುಲಿಯೊ ಹೋಗುವುದಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ, ದೀಪವನ್ನೂ ಹಚ್ಚದೆ ಕೂತಿದ್ದಾರೆ. ಡೋಲು ದೂರದಿಂದ ಬರುತ್ತದೆ, ಹತ್ತಿರವಾಗುತ್ತದೆ, ಎರಡು ಬೀದಿ ಆಚೆ ಹಾದುಹೋಗುತ್ತದೆ. ಅಷ್ಟು ಹೊತ್ತೂ ಅವರ ಕಾಲು ಕಾಲ್ಮಣೆಯ ಮೇಲೆ ಏರಿಳಿಯುತ್ತಿತ್ತು ಎಂದು ಬಾಗಿಲಲ್ಲಿ ನಿಂತಿದ್ದ ದೊನ್ಯಾ ತೋಮಸಾ ಹೇಳುತ್ತಾರೆ. “ಮುಂದೆ ಕ್ಯಾಮೆರಾ ಇಲ್ಲ, ಏನಿಲ್ಲ. ಕತ್ಲಲ್ಲಿ ಆ ತಲೆ ಸುಮ್ನೆ ತೂಗ್ತಾ ಇತ್ತು. ನಾನು ಬಾಗ್ಲು ಎಳ್ಕೊಂಡು ಬಂದೆ.”

ಶನಿವಾರ ಜಾವ, ಸಂತ ಅಲುಗದೆ ನೇತಾಡುತ್ತಿರುವಾಗ, ಅರಾಸೆಲಿ ಬರುತ್ತಾಳೆ. ಜೊತೆಗೆ, ಗೋಡೆ ಹಿಡಿದುಕೊಂಡು, ದೊನ್ಯಾ ಇಲಾರಿಯಾ. ಮುಖ ಊದಿದೆ. ದೊನ್ಯಾ ತೋಮಸಾ ಓಡಿಬಂದು ಅವರನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಭುಜದ ಮೇಲೆ ಪಲ್ಲಕ್ಕಿಯ ಮರ ಒತ್ತಿದ ಗುರುತು ರವಿಕೆಯ ಅಂಚಿನಲ್ಲಿ ನೀಲಿಯಾಗಿ ಕಾಣುತ್ತದೆ. ನಿನ್ನೆ ಅರ್ಧ ಬೀದಿ ಹೊತ್ತರು. ಇನ್ನರ್ಧಕ್ಕೆ ಹಿಂದಿನ ಹೆಂಗಸೊಬ್ಬರು ಭುಜ ಕೊಟ್ಟರು. ಇವರು ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆ ಅರ್ಧ ಬೀದಿಯಲ್ಲಿ ನಲವತ್ತೊಂದು ಪಟ. ದೊನ್ ಒಬ್ದುಲಿಯೊ ಭೂತಗನ್ನಡಿ ಸಿಕ್ಕಿಸಿಕೊಂಡು ಸ್ಲೇಟು ಹತ್ತಿರ ಎಳೆದುಕೊಳ್ಳುತ್ತಾರೆ. ಸೊನ್ನೆ. ಸೊನ್ನೆ. ಸೊನ್ನೆ. ಗೆರೆ, ಆದರೆ ಕಣ್ಣು ಮುಚ್ಚಿದೆ. ಸೊನ್ನೆ. ಬೀದಿ ತನ್ನ ಹೊಗೆಯನ್ನು ಕೋಣೆಯ ಹೊಗೆಗಿಂತ ದಪ್ಪವಾಗಿಯೇ ಹಾಕಿತ್ತು. ಕೊನೆಗೆ ನಿಂತದ್ದು ಆರು. ಅವುಗಳ ಪೈಕಿ ಐದರಲ್ಲಿ ಕಣ್ಣು ಮುಚ್ಚಿದೆ. ಉಳಿದ ಒಂದರಲ್ಲಿ ದೊನ್ಯಾ ಇಲಾರಿಯಾ ನೇರವಾಗಿ ಮಗಳನ್ನು ನೋಡುತ್ತಿದ್ದಾರೆ. ಬೆವರು, ಹಣೆಯ ಸುಕ್ಕು, ಕಪ್ಪು ಮುಸುಕಿನ ಒಂದೊಂದು ಎಳೆ, ಎಲ್ಲವೂ ಇದೆ.

ದೊನ್ಯಾ ಇಲಾರಿಯಾ ಪರದೆಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ಸರಿಸಿ, ಮೂಗಿನ ಹತ್ತಿರ ತಂದು ನೋಡುತ್ತಾರೆ. ಅವರ ಭುಜದ ಹಿಂದೆ ಯಾರದೋ ಕೈಯ ಲಾಂದ್ರ, ಕರಗಿದ ಹಳದಿ ಮುದ್ದೆ.

“ದೀಪ ಹಾಳಾಗಿದೆ, ಒಬ್ದು,” ಎನ್ನುತ್ತಾರೆ.

ದೊನ್ ಒಬ್ದುಲಿಯೊ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯುವುದಿಲ್ಲ. ತೆಗೆಯದಿರಲು ಕಾರಣವಿತ್ತು. “ಹೌದು, ಅತ್ತಿಗೆ,” ಎನ್ನುತ್ತಾರೆ. “ಪೂರ್ತಿ ಹಾಳಾಗಿದೆ.”

ಅಂಟುಪಟ್ಟಿಯ ಚೂರು ಕತ್ತರಿಸಿ ‘41ಕ್ಕೆ 6’ ಎಂದು ಬರೆದು ಆ ಲೆನ್ಸಿಗೆ ಅಂಟಿಸುತ್ತಾರೆ. ಇಷ್ಟು ಕಡಿಮೆ ಸಂಖ್ಯೆಯನ್ನು ಅವರು ಯಾವ ಲೆನ್ಸಿಗೂ ಬರೆದಿಲ್ಲ. “ಒಂದನ್ನ ಜಾಸ್ತಿ ಹಾಕಿ, ಚಿಕ್ಕಪ್ಪ, ಮರ್ಯಾದೆ ಹೋಗುತ್ತೆ,” ಎಂದು ಅರಾಸೆಲಿ ಕಿಚಾಯಿಸಿದರೂ ಹಾಕುವುದಿಲ್ಲ.

“ಈಗ್ಲೇ ಚೌಕಟ್ಟು ಹಾಕ್ಸಿ ಇಡು, ಮಗಳೇ,” ಎನ್ನುತ್ತಾರೆ ದೊನ್ಯಾ ಇಲಾರಿಯಾ, ಬೆಂಚಿನಿಂದ ಏಳಲು ದೊನ್ಯಾ ತೋಮಸಾರ ಕೈ ಹಿಡಿಯುತ್ತ. “ಆಮೇಲೆ ಆ ಗಡಿಬಿಡೀಲಿ ಎಲ್ಲಿ ಓಡಾಡ್ತೀಯ.” ಸೋಮವಾರ ಮತ್ತೆ ಡಯಾಲಿಸಿಸ್‌ಗೆಂದು ಆಸ್ಪತ್ರೆಗೆ ಹೋಗಬೇಕು. ಬುಧವಾರ ಮತ್ತೆ, ಶುಕ್ರವಾರ ಮತ್ತೆ.

ಅವರು ಓಣಿಯ ತಿರುವು ದಾಟುವವರೆಗೆ ದೊನ್ ಒಬ್ದುಲಿಯೊ ಬಾಗಿಲಲ್ಲಿ ನಿಂತಿರುತ್ತಾರೆ. ಇಂಥ ಲೇಖನಗಳ ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದಾಯಿತು: ಇನ್ನೇನಾದರೂ ಆಸೆ ಇದೆಯೇ? ಐವತ್ತಕ್ಕೆ ಐವತ್ತು ಬರುವ ಲೆನ್ಸು?

“ಅಂಥದ್ದು ಇಲ್ಲ, ಬಿಡಿ,” ಎನ್ನುತ್ತಾರೆ. ಒಳಗೆ ಹೋಗಿ, ಧೂಪದ ಬೂದಿಯನ್ನು ಹೊರಗೆ ಕೊಡವಿ, ಬಟ್ಟಲನ್ನು ಬೋರಲು ಹಾಕುತ್ತಾರೆ. “ಪಟ ಆಯ್ತು. ಚೆನ್ನಾಗಿ ಬಂತು. ಆದಷ್ಟು ತಡವಾಗಿ ಬೇಕಾಗ್ಲಿ. ಅಷ್ಟೇ.”